ನರಿಬಾಲದ ಕೋಲು

ಚರ್ಚಿನಲ್ಲಿ ನನ್ನಷ್ಟು ಚೆನ್ನಾಗಿ ನಿದ್ದೆ ಮಾಡಿದ ಹೆಂಗಸು ಇಡೀ ಡರ್ಬಿಶೈರಿನಲ್ಲಿ ಇನ್ನೊಬ್ಬಳು ಹುಟ್ಟಿಲ್ಲ. ಪಾದ್ರಿ ಬಾಯಿ ತೆರೆಯುವುದಕ್ಕೂ ನನ್ನ ರೆಪ್ಪೆ ಮುಚ್ಚುವುದಕ್ಕೂ ಸರಿಹೋಗುತ್ತಿತ್ತು. ನನ್ನ ಗೊರಕೆಗೆ ಕಿಟಕಿ ಗಾಜಿನ ಮೇಲಿನ ಸಂತರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಗಂಟೆಗೋಪುರದ ಪಾರಿವಾಳಗಳು ಬೇಸತ್ತು ಪಕ್ಕದ ಊರಿನ ಚರ್ಚಿಗೆ ಹೋಗಿ ಮೊಟ್ಟೆಯಿಡುತ್ತಿದ್ದವು. ಇದರಲ್ಲಿ ಅರ್ಧ ಸುಳ್ಳು, ಒಪ್ಪಿಕೊಳ್ಳುತ್ತೇನೆ ಮಗಳೇ. ಕಣ್ಣು ಮುಚ್ಚುತ್ತಿದ್ದದ್ದು ನಿಜ, ಗೊರಕೆಯೂ ನಿಜ. ನಿದ್ದೆ ಮಾತ್ರ ಸುಳ್ಳು.

ಆ ಉಣ್ಣೆಯ ಉಂಡೆ ಇತ್ತ ಕೊಡು, ನೀನು ಸುತ್ತಿದರೆ ಬೆಕ್ಕೂ ನಗುತ್ತದೆ. ಕೈ ಖಾಲಿಯಾಯಿತಲ್ಲ, ಈಗ ಕೇಳು.

ಆಗ ನಮ್ಮ ಬ್ರೆನ್‌ಲೋ ಚರ್ಚಿನಲ್ಲಿ ‘ಎಬ್ಬಿಸುವವನು’ ಅಂತ ಒಬ್ಬನಿರುತ್ತಿದ್ದ. ಪಾದ್ರಿಯ ಪ್ರಸಂಗ, ಅಂದರೆ ಉಪದೇಶ, ಶುರುವಾದದ್ದೇ ತಡ, ಹೇಜಲ್ ಮರದ ಉದ್ದನೆಯ ಕೋಲು ಹಿಡಿದು ಬೆಂಚುಗಳ ನಡುವೆ ಓಡಾಡುವುದು ಅವನ ಕೆಲಸ. ಕೋಲಿನ ಒಂದು ತುದಿಗೆ ಸೇಬಿನಷ್ಟು ದಪ್ಪದ ಮರದ ಗುಂಡು, ಇನ್ನೊಂದು ತುದಿಗೆ ನರಿಯ ಬಾಲ. ಗಂಡಸು ತೂಕಡಿಸಿದರೆ ತಲೆಯ ಮೇಲೆ ಗುಂಡಿನಿಂದ ಟಕ್ ಅಂತ ಒಂದು. ಹೆಂಗಸು ತೂಕಡಿಸಿದರೆ ಮುಖದ ಮೇಲೆ ಬಾಲವನ್ನು ಹೀಗೆ ಮೆಲ್ಲಗೆ ಸವರುವುದು. ಈ ದೇಶದಲ್ಲಿ ಹೆಂಗಸರ ಪರವಾಗಿ ಮಾಡಿದ ಕಾನೂನು ಅಂತ ನಾನು ಕಂಡದ್ದು ಅದೊಂದೇ.

ಹಿಂದೆ ಯಾವ ಕಾಲದಲ್ಲೋ ಪರ್ನೆಲ್ ಅನ್ನುವ ಮುದುಕಿ ಇದಕ್ಕಾಗಿ ಆಸ್ತಿ ಬಿಟ್ಟು ಸತ್ತಿದ್ದಳು. ಅವಳ ಮಾತನ್ನು ಚರ್ಚಿನ ಬಾಗಿಲ ಮೇಲೆ ದೊಡ್ಡ ಹಲಗೆಗೆ ಬಣ್ಣದಲ್ಲಿ ಬರೆದು ತೂಗುಹಾಕಿದ್ದರು. ನನಗೆ ಓದು ಬರುವುದಿಲ್ಲ, ಆದರೆ ಹೆಂಡದಂಗಡಿಯ ಡಾರ್ಕಸ್ ಅದನ್ನು ಓದಿ ಓದಿ ಊರಿನ ನಾಯಿಗಳಿಗೂ ಬಾಯಿಪಾಠವಾಗಿತ್ತು. ಈ ಚರ್ಚಿನಲ್ಲಿ ಭಾನುವಾರ ಯಾರು ಕೋಲೆತ್ತಿ ಮಲಗಿದವರನ್ನು ಎಬ್ಬಿಸುತ್ತಾರೋ, ಗೇಟಿನ ಪಕ್ಕದ ಮನೆ ಮತ್ತು ಹಿತ್ತಲು ಅವರದು. ಒಂದೇ ಒಂದು ಭಾನುವಾರ ಕೋಲೆತ್ತದೆ ಹೋದರೆ ಮನೆ ಜಮೀನ್ದಾರರ ಪಾಲು. ಇಷ್ಟೇ. ಜಮೀನ್ದಾರರಿಗೆ ಆ ಮನೆಯ ಮೇಲೆ ಬಹಳ ಕಣ್ಣು, ಬೇಟೆನಾಯಿಗಳನ್ನು ಕಟ್ಟುವುದಕ್ಕೆ. ತಮಾಷೆ ಏನೆಂದರೆ ಕೋಲಿಗೆ ಕಟ್ಟುವ ನರಿಬಾಲವನ್ನು ವರ್ಷ ವರ್ಷ ಕೊಡುತ್ತಿದ್ದದ್ದೂ ಅದೇ ನಾಯಿಗಳು.

ನನ್ನ ಕಾಲಕ್ಕೆ ಎಬ್ಬಿಸುವವನು ಗಿಡಿಯನ್ ಬ್ಯಾಗ್‌ಶಾ. ಉದ್ದಕ್ಕೆ, ಸಣ್ಣಕ್ಕೆ ಇದ್ದ. ದೂರದಿಂದ ನೋಡಿದರೆ ಕೋಲು ಯಾವುದು ಗಿಡಿಯನ್ ಯಾವುದು ಗೊತ್ತಾಗುತ್ತಿರಲಿಲ್ಲ. ಮದುವೆ ಆಗಿರಲಿಲ್ಲ. ಹೆಂಗಸು ಎದುರಿಗೆ ಬಂದರೆ ಟೋಪಿ ತೆಗೆದು ಅದರೊಳಗೇ ನೋಡುತ್ತಾ ನಿಲ್ಲುತ್ತಿದ್ದ, ಅಲ್ಲಿ ಯಾರೋ ಕೂತಿರುವ ಹಾಗೆ. ನನ್ನ ಮೊದಲನೇ ಗಂಡ ಸೀಸದ ಗಣಿಗೆ ಇಳಿದವನು ಮೇಲೆ ಬರಲಿಲ್ಲ. ನಾನು ಓಟ್ಸ್ ರೊಟ್ಟಿ ಬೇಯಿಸಿ ಮಾರಿ ಬದುಕುತ್ತಿದ್ದೆ. ಮನೆಮನೆಗೂ ರೊಟ್ಟಿ ಕೊಡುತ್ತಾ ಗಿಡಿಯನ್ನನ ಬಾಗಿಲಿಗೂ ಹೋಗುತ್ತಿದ್ದೆ. “ಚಳಿ ಜಾಸ್ತಿ ಅಲ್ವಾ?” ಅಂತ ನಾನು, “ಹೂಂ” ಅಂತ ಅವನು. “ಮಳೆ ಬರೋ ಹಾಗಿದೆ?” “ಹೂಂ.” ಹೀಗೆ ಎರಡು ಚಳಿಗಾಲ ‘ಹೂಂ’ನಲ್ಲೇ ಹೋಯಿತು. ಅಂಥವನ ಕಣ್ಣಿಗೆ ಬೀಳುವುದು ಹೇಗೆ? ಅವನು ಹೆಂಗಸಿನ ಮುಖವನ್ನು ನೆಟ್ಟಗೆ ನೋಡುತ್ತಿದ್ದದ್ದು ಒಂದೇ ಹೊತ್ತು, ಅವಳು ನಿದ್ದೆ ಮಾಡುವಾಗ. ಹಾಗಾಗಿ ನಾನು ನಿದ್ದೆ ಕಲಿತೆ.

ಮೊದಮೊದಲು ಬಾಲ ಮೂಗಿನ ಮೇಲೆ ಒಂದು ಸಲ ಆಡಿ ಹೋಗುತ್ತಿತ್ತು. ಬರುಬರುತ್ತಾ ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಗದ್ದಕ್ಕೆ, ಪೇಟೆ ಸುತ್ತಿ ಬಂದ ಹಾಗೆ ನಿಧಾನವಾಗಿ ಬರತೊಡಗಿತು. ನಾನು ಏಳುವುದೂ ಅಷ್ಟೇ ನಿಧಾನವಾಯಿತು.

“ಏನೇ ತಿರ್ಜಾ,” ಡಾರ್ಕಸ್ ಹೊರಗೆ ಸಿಕ್ಕಿ ರೇಗಿಸುತ್ತಿದ್ದಳು, “ರಾತ್ರಿಯೆಲ್ಲಾ ಏನ್ ಮಾಡ್ತೀಯೇ? ಕುರಿ ಕದಿಯಕ್ಕೆ ಹೋಗ್ತೀಯಾ?”

“ರೊಟ್ಟಿ ಬೇಯಿಸ್ತೀನಿ ಕಣೇ.”

“ಯಾರಿಗೇ? ಫರೋಹನ ಸೈನ್ಯಕ್ಕಾ? ಈವತ್ತು ನಿನ್ನನ್ನ ಎಬ್ಬಿಸೋಷ್ಟರಲ್ಲಿ ಆ ಬಾಲದ ಕೂದಲೆಲ್ಲಾ ಉದುರೋಯ್ತು. ಜಮೀನ್ದಾರರು ಇನ್ನೊಂದು ನರಿ ಹೊಡೀಬೇಕು ನಿನಗೋಸ್ಕರ.”

ಎಲ್ಲಾ ಹೀಗೆ ಸುಖವಾಗಿದ್ದಾಗ ಹೊಸ ಪಾದ್ರಿ ಬಂದರು. ಕ್ರಿಚ್ಲೋ ಅಂತ ಹೆಸರು, ಆಕ್ಸ್‌ಫರ್ಡಿನಲ್ಲಿ ಓದಿದವರು. ಕೆಟ್ಟವರಲ್ಲ ಪಾಪ. ಆದರೆ ಬರುವಾಗ ಜೊತೆಗೆ ಒಂದು ಪದ ತಂದಿದ್ದರು. ಬೇರೆ ಪಾದ್ರಿಗಳು ಹೆಂಡತಿ ತರುತ್ತಾರೆ, ಇಲ್ಲ ಪಿಯಾನೋ ತರುತ್ತಾರೆ. ಇವರು ತಂದದ್ದು ‘ಹೀಡ್’. ಗಮನ ಅನ್ನುವುದಕ್ಕೆ ನಾವು ದಿನಾ ಆಡುವ ಪದ ಅಷ್ಟೇ, ಕುರಿ ಓಡಿಸುವವನೂ ಆಡುತ್ತಾನೆ. ಆದರೆ ಪಾದ್ರಿ ಅದರ ಮೇಲೆ ಪುಸ್ತಕ ಬರೆಯುತ್ತಿದ್ದರು. ಆ ಪದಕ್ಕೆ ಎಷ್ಟು ಅರ್ಥ, ಅದರ ಅಣ್ಣತಮ್ಮಂದಿರು ಯಾರು, ನೆಂಟರು ಯಾರು, ಯಾರ ಮನೆಗೆ ಯಾರು ಹೋಗಿಬರುತ್ತಾರೆ, ಎಲ್ಲ. ಬರೆದದ್ದನ್ನು ಭಾನುವಾರ ನಮ್ಮ ಮೇಲೆ ಸುರಿಯುತ್ತಿದ್ದರು.

ಒಂದು ಭಾನುವಾರ ‘ನೋಟ’, ಇನ್ನೊಂದು ಭಾನುವಾರ ‘ಲಕ್ಷ್ಯ’. ‘ಕಾಳಜಿ’ಗೆ ಒಂದು, ‘ಮರ್ಯಾದೆ’ಗೆ ಒಂದು. ‘ಎಚ್ಚರ’ದ ಭಾನುವಾರ ಇಡೀ ಚರ್ಚು ಮಲಗಿತ್ತು, ಗಿಡಿಯನ್ ಆವತ್ತು ಓಡಾಡಿದ್ದಕ್ಕೆ ಅವನ ಬೂಟಿನ ಹಿಮ್ಮಡಿ ಸವೆದು ನೆಲ ಕಂಡಿತು. ‘ಪರಿವೆ’ಯ ಭಾನುವಾರ ಪಾದ್ರಿ ರಾತ್ರಿ ಮಲಗುವಾಗ ಹಾಕಿಕೊಂಡ ಕುಲಾವಿಯಲ್ಲೇ ಪೀಠ ಹತ್ತಿದರು. ಮನುಷ್ಯ ತನ್ನ ಮೇಲೆ ತಾನು ಪರಿವೆ ಇಟ್ಟುಕೊಳ್ಳುವುದು ಹೇಗೆ ಅಂತ ಕುಲಾವಿಯ ಜುಟ್ಟು ಅಲ್ಲಾಡಿಸಿಕೊಂಡು ಮಾತಾಡಿದರು. ಎಚ್ಚರವಿದ್ದವರಿಗೆ ನಗು ತಡೆಯುವುದೇ ಕೆಲಸ, ಮಿಕ್ಕವರಿಗೆ ಗೊತ್ತೇ ಆಗಲಿಲ್ಲ. ಪ್ರತಿ ಸಲವೂ ‘ಮೊದಲನೆಯದಾಗಿ’ ಅಂತ ಶುರು. ಆಮೇಲೆ ‘ಎರಡನೆಯದಾಗಿ’. ‘ಮೂರನೆಯದಾಗಿ’ ಅಂದರು ಅಂದರೆ ಮುಗಿಯಿತು; ಅದಾದ ಮೇಲೆ ಒಲೆಯ ಮೇಲಿಟ್ಟು ಬಂದ ಮಾಂಸ ಇದ್ದಿಲಾಗಿ, ಇದ್ದಿಲು ಬೂದಿಯಾಗಿ, ಬೂದಿಯನ್ನು ಗಾಳಿ ಹೊತ್ತುಕೊಂಡು ಹೋಗುವ ತನಕ ಬಿಡುತ್ತಿರಲಿಲ್ಲ.

ಇಂಥ ಪಾದ್ರಿಗೆ ಆ ಕೋಲು ಕಣ್ಣಲ್ಲಿ ಬಿದ್ದ ಕಸದ ಹಾಗೆ ಆಯಿತು. ಗಮನದ ಮೇಲೆ ಪುಸ್ತಕ ಬರೆಯುವವರ ಮುಂದೆ ಜನರನ್ನು ಕೋಲಿನಿಂದ ಎಬ್ಬಿಸುವುದು ಅಂದರೆ! ಒಂದು ದಿನ ಪ್ರಾರ್ಥನೆ ಮುಗಿದ ಮೇಲೆ ಬಾಗಿಲಲ್ಲೇ ಗಿಡಿಯನ್ನನನ್ನು ನಿಲ್ಲಿಸಿದರು. ನಾನು ಹಿಂದೆಯೇ ಇದ್ದೆ, ಬೂಟಿನ ದಾರ ಕಟ್ಟುತ್ತಾ. ಆ ದಾರ ನಾನು ಬೇಕೆಂದಷ್ಟು ಹೊತ್ತು ಕಟ್ಟಬಹುದಾದ ದಾರ.

“ಗಿಡಿಯನ್, ಗುಂಡಿನ ಪೆಟ್ಟು ತಿಂದು ಎದ್ದೋನದು ಎಚ್ಚರ ಅಷ್ಟೇ. ಅದು ಗಮನ ಅಲ್ಲ. ಗಮನ ಅಂದ್ರೆ ಅವನಾಗಿ ಕೊಡಬೇಕು.”

“ಹೂಂ ಸ್ವಾಮಿ.”

“ಮುಂದಿನ ತಿಂಗಳು ದೊಡ್ಡ ಪಾದ್ರಿಗಳು ಬರ್ತಾರೆ, ಬಿಷಪ್ಪರ ಕಡೆಯಿಂದ. ನಾನು ಅವರಿಗೆ ಕಾಗದ ಬರೆದಿದ್ದೀನಿ. ಆವತ್ತು ಕೋಲು ಗೋಡೆ ಮೊಳೆ ಮೇಲೇ ಇರಲಿ. ನೀನೂ ಎಲ್ಲರ ಹಾಗೆ ಕೂತ್ಕೊಂಡು ಕೇಳು. ಒಬ್ಬ, ಒಬ್ಬನೇ ಒಬ್ಬ ನಿದ್ದೆ ಮಾಡಿದ್ರೂ ಕೋಲು ತೆಗಿ, ನಾನು ಸೋತೆ. ಯಾರೂ ಮಲಗದೇ ಹೋದ್ರೆ ಆ ಕೋಲು ಇನ್ನು ಇಳಿಯೋದು ಬೇಡ. ನ್ಯಾಯ ತಾನೇ?”

“ಮನೆ, ಸ್ವಾಮಿ...” ಅಂದ ಗಿಡಿಯನ್.

“ಯಾವ ಮನೆ?”

ನೋಡು. ಪದದ ನೆಂಟರನ್ನೆಲ್ಲ ಬಲ್ಲವರು, ಅಷ್ಟು ತಿಂಗಳು ಆ ಹಲಗೆಯ ಕೆಳಗೇ ಬಂದು ಹೋದರೂ ಒಂದು ಸಲವೂ ಕತ್ತೆತ್ತಿರಲಿಲ್ಲ. ಗಿಡಿಯನ್ ಕೈಯೆತ್ತಿ ತೋರಿಸಿದ. ಪಾದ್ರಿ ಓದಿಕೊಂಡರು. ಮುಖ ಸ್ವಲ್ಪ ಕೆಂಪಗಾಯಿತು. ಆದರೆ ಅಷ್ಟರಲ್ಲಿ ದೊಡ್ಡ ಪಾದ್ರಿಗೆ ಕಾಗದ ಹೋಗಿಯಾಗಿತ್ತು, ಜಮೀನ್ದಾರರ ಕಾರಭಾರಿಗೆ ಸುದ್ದಿ ಮುಟ್ಟಿಯೂ ಆಗಿತ್ತು. ಮಾರನೇ ದಿನವೇ ಆ ಕಾರಭಾರಿ ಬಂದು ಗಿಡಿಯನ್ನನ ಹಿತ್ತಲಿನಲ್ಲಿ ನಾಯಿಗೂಡಿಗೆ ಜಾಗ ಅಳೆದು ಹೋದ.

ಊರು ಸುಮ್ಮನಿರಲಿಲ್ಲ. ಕುರಿ ತೊಳೆಯುವ ದಿನ ನದಿಯಲ್ಲಿ ಮಾತು ಎದ್ದಿತು. ಗಂಡಸರು ಸೊಂಟದ ತನಕ ನೀರಿನಲ್ಲಿ, ನಾವು ದಡದಲ್ಲಿ ರೊಟ್ಟಿ, ಬಿಯರು ಇಟ್ಟುಕೊಂಡು. ಆ ನೀರು ಎಷ್ಟು ತಣ್ಣಗೆ ಅಂದರೆ ಬಾಯಿಂದ ಬಂದ ಬೈಗುಳವೂ ಹೆಪ್ಪುಗಟ್ಟಿ ಕೆಳಗೆ ಬೀಳುತ್ತಿತ್ತು. ಮುದಿ ಕುರುಬ ಜೋಥಮ್ ಒಂದು ಟಗರಿನ ತಲೆಯನ್ನು ನೀರಿಗೆ ಅದ್ದಿ ಹೇಳಿದ:

“ಅದರಲ್ಲಿ ಏನೈತ್ರಲಾ ಕಷ್ಟ? ಆವತ್ತೂ ಮಲಗಿಬಿಡಾನ. ದಿನಾ ಮಾಡೋದೇ ತಾನೆ.”

“ಆವತ್ತು ನಿದ್ದೆ ಬರಲ್ಲ ಕಣಜ್ಜ!” ಅಂದಳು ಡಾರ್ಕಸ್. “ಹೊಸ ಮುಖ, ಹೊಸ ಗಾಡಿ, ದೊಡ್ಡ ಪಾದ್ರಿ ಕಾಲಿಗೆ ರೇಷ್ಮೆ ಸುತ್ತಿರ್ತಾರಂತೆ. ನನಗಂತೂ ಎರಡೂ ಕಣ್ಣು ಸಾಲಲ್ಲ, ಪಕ್ಕದವರ ಹತ್ರ ಸಾಲ ಇಸ್ಕೋಬೇಕು.”

“ಹಂಗಾದ್ರೆ ಸುಳ್ಳು ನಿದ್ದೆ ಮಾಡಿ. ತಿರ್ಜಾನ ಕೇಳಿ, ಹೇಳ್ಕೊಡ್ತಾಳೆ,” ಅಂದ ಜೋಥಮ್.

“ಯಾಕೆ? ನಂದೇನು ಸುಳ್ಳು ನಿದ್ದೆಯಾ?” ಅಂದೆ ನಾನು, ಬಹಳ ನೊಂದವಳ ಹಾಗೆ.

ನೀರಿನಲ್ಲಿದ್ದ ಗಂಡಸರೆಲ್ಲ ನಕ್ಕರು. ನನಗೆ ಅನ್ನಿಸಿತು, ಟಗರೂ ನಕ್ಕಿತು.

“ಮೊದಲಿಂದ್ಲೇ ಮಲಗಬ್ಯಾಡಿ,” ಜೋಥಮ್ ಬುದ್ಧಿ ಹೇಳಿದ. “ಮಂದೆ ಒಟ್ಟಿಗೆ ಮಲಗಿದ್ರೆ ರೋಗ ಬಂದೈತೆ ಅಂತಾರೆ ನೋಡಿದೋರು. ಮೊದಲನೆಯದು ಕೇಳಿ, ಎರಡನೆಯದೂ ಕೇಳಿ, ಪಾದ್ರಿಗೂ ಒಂಚೂರು ಮರ್ಯಾದೆ ಸಿಗಲಿ. ‘ಮೂರನೆಯದಾಗಿ’ ಅಂದ ತಕ್ಷಣ ಬಿದ್ಕೊಳ್ಳಿ. ಗೊರಕೆ ಹೆಂಗಿರಬೇಕು ಅಂದ್ರೆ ಕಾರಭಾರಿ ಕುದುರೆ ಗಾಬರಿಯಾಗಿ ಮನೆಗೆ ಓಡಬೇಕು.”

“ಗಿಡಿಯನ್ನಿಗೆ ಹೇಳೋದಾ?” ಅಂತ ಯಾರೋ ಕೇಳಿದರು.

“ಅವನಿಗೆ ಬೇಡ್ರೋ ಮಾರಾಯ್ರ,” ಅಂದಳು ಡಾರ್ಕಸ್. “ಅವನು ಹೋಗಿ ಪಾದ್ರಿಗೇ ಒಪ್ಪಿಸ್ತಾನೆ. ಜನ್ಮದಲ್ಲಿ ಒಂದು ಸುಳ್ಳು ಹೇಳಿಲ್ಲ ಅವನು.”

“ಸುಳ್ಳು ಹೇಳಕ್ಕೆ ಮೊದಲು ಮಾತಾಡಬೇಕಲ್ಲ,” ಅಂದೆ ನಾನು.

ಆ ಭಾನುವಾರ ಬಂತು. ಚರ್ಚು ತುಂಬಿ, ಹೊರಗೆ ಗೋರಿಗಳ ಮೇಲೂ ಜನ. ಸತ್ತವರು ಒಂದಷ್ಟು ಜನ ಎದ್ದು ಜಾಗ ಬಿಟ್ಟುಕೊಟ್ಟರು ಅಂತ ಕಾಣುತ್ತದೆ. ದೊಡ್ಡ ಪಾದ್ರಿ ಮುಂದಿನ ಕುರ್ಚಿಯಲ್ಲಿ ಕೂತರು; ಗುಂಡಗೆ, ನಗುಮುಖ, ಕಾಲಿಗೆ ಕಪ್ಪು ರೇಷ್ಮೆ. ಕಾರಭಾರಿ ಅವರ ಬೆನ್ನಿಗೆ. ಕೋಲು ಗೋಡೆಯ ಮೊಳೆಗಳ ಮೇಲೆ. ಗಿಡಿಯನ್ ಮೊದಲನೇ ಬೆಂಚಿನ ತುದಿಯಲ್ಲಿ, ಕಿಟಕಿಯ ಬಿಸಿಲು ನೇರ ಮೇಲೆ ಬೀಳುವ ಹಾಗೆ ಕೂತಿದ್ದ. ಪ್ರಸಂಗದ ಹೊತ್ತಿನಲ್ಲಿ ಆ ಮನುಷ್ಯ ಕೂತದ್ದನ್ನು ಊರು ಕಂಡದ್ದು ಅದೇ ಮೊದಲು. ಕೈ ಎಲ್ಲಿಡಬೇಕು ಅಂತ ಗೊತ್ತಾಗದೆ ಒಂದು ಸಲ ಮಂಡಿಯ ಮೇಲೆ, ಒಂದು ಸಲ ಕಂಕುಳಲ್ಲಿ, ಕೊನೆಗೆ ಎರಡನ್ನೂ ಟೋಪಿಯೊಳಗೆ ಹಾಕಿಟ್ಟುಕೊಂಡ.

ಪಾದ್ರಿ ಕ್ರಿಚ್ಲೋ ಪೀಠ ಹತ್ತಿದರು. ಕಾಗದದ ಕಟ್ಟು ಈ ದಪ್ಪ. “ಮೊದಲನೆಯದಾಗಿ,” ಅಂದರು, ಒಂದು ಹಾಳೆ ತಿರುವಿದರು, ಅಷ್ಟೇ. ಇಡೀ ಕಟ್ಟು ಕೈ ಜಾರಿ ಪೀಠದಿಂದ ಕೆಳಗೆ ಹಾರಿತು. ಜೋಥಮ್‌ನ ನಾಯಿ ನೆಲ್ ಬೆಂಚಿನ ಕೆಳಗಿನಿಂದ ಎದ್ದು ಬಂದು, ಹಾಳೆಗಳನ್ನೆಲ್ಲ ಮೂಸಿ, ಮೂರು ಸುತ್ತು ಸುತ್ತಿ ಅದರ ಮೇಲೇ ಮುದುಡಿ ಮಲಗಿತು. ಚರ್ಚಿನಿಂದ ನಾಯಿ ಓಡಿಸುವುದೂ ಗಿಡಿಯನ್ನನ ಕೆಲಸವೇ, ಆದರೆ ಅವನಿಗೆ ಆವತ್ತು ಕೂತಿರು ಅಂತ ಅಪ್ಪಣೆ. ಹೀಗಾಗಿ ‘ಗಮನ’ದ ಮೇಲೆ ನಾಯಿ ಮಲಗಿತು, ಪಾದ್ರಿ ಬರಿಗೈಯಲ್ಲಿ ನಿಂತರು.

ಆಮೇಲೆ ನಾಯಿಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು:

“ನಿಮಗೆ ಒಂದು ವಿಷಯ ಹೇಳಬೇಕು. ಈ ‘ಹೀಡ್’ ಅನ್ನೋ ಪದಕ್ಕೆ ಮೊದಲು ಕೇಳೋದು ಅಂತ ಅರ್ಥಾನೇ ಇರಲಿಲ್ಲ. ನೋಡೋದು ಅಂತಲೂ ಇರಲಿಲ್ಲ. ಕಾಯೋದು ಅಂತ ಇತ್ತು. ಸಮುದ್ರದ ಆಚೆ, ಜರ್ಮನರ ದೇಶದಲ್ಲಿ, ಕುರಿ ಕಾಯೋನು ಈಗಲೂ ತನ್ನ ಕೆಲಸಕ್ಕೆ ಇದೇ ಪದದ ತಂಗೀನ ಕರೀತಾನೆ. ಮಳೆ ಬಂದಾಗ ತಲೆಗೆ ಹಾಕ್ಕೊಳ್ಳೋ ಮುಸುಕು, ‘ಹುಡ್’, ಇದೆಯಲ್ಲ, ಅದೂ ಇದೇ ಮನೆಯದು ಅಂತಾರೆ. ಹಾಗಾದ್ರೆ ಗಮನ ಕೊಡೋದು ಅಂದ್ರೆ ಏನು? ಒಂದರ ಮೇಲೆ ಮಳೆ ಬೀಳದ ಹಾಗೆ ನಿಂತ್ಕೊಳ್ಳೋದು.”

ಜೋಥಮ್ ಮುಂದಕ್ಕೆ ಬಗ್ಗಿದ. ಕುರಿಯ ವಿಷಯ ಚರ್ಚಿನಲ್ಲಿ ಬರುತ್ತಲೇ ಇರುತ್ತದೆ, ಆದರೆ ಅದೆಲ್ಲ ಬೈಬಲ್ಲಿನ ಕುರಿ, ಅವಕ್ಕೆ ಕಾಲು ಕೊಳೆಯುವ ರೋಗ ಬರುವುದಿಲ್ಲ. ಈ ಪಾದ್ರಿ ನೋಡಿದರೆ ಹಿಮದಲ್ಲಿ ಹೂತುಹೋದ ಕುರಿಯ ಮಾತು, ಒಂದು ಕಣ್ಣು ತೆರೆದು ಮಲಗುವ ಕುರುಬನ ಮಾತು ಆಡತೊಡಗಿದರು. ನೂರು ಕುರಿಯಲ್ಲಿ ಯಾವುದರ ಕೆಮ್ಮು ಯಾವುದು ಅಂತ ಕತ್ತಲಲ್ಲೂ ಗೊತ್ತಾಗುವ ಮಾತು. ಮೊದಲನೆಯದೂ ಇಲ್ಲ, ಎರಡನೆಯದೂ ಇಲ್ಲ. ಜನ ‘ಮೂರನೆಯದಾಗಿ’ ಬರಲಿ ಅಂತ ಕಿವಿಯನ್ನು ಮೊಲದ ಹಾಗೆ ನೆಟ್ಟಗೆ ಮಾಡಿ ಕಾಯುತ್ತಿದ್ದರು. ಒಂದು ಪದ ತಪ್ಪಿ, ಅದೇ ‘ಮೂರನೆಯದು’ ಆಗಿದ್ದರೆ ಏನು ಗತಿ ಅಂತ ಕೆಮ್ಮುವುದನ್ನೂ ಬಿಟ್ಟರು. ಹಸುಗೂಸುಗಳ ಬಾಯಿಗೆ ತಾಯಂದಿರು ಕೈ ಅಡ್ಡ ಹಿಡಿದರು. ಬ್ರೆನ್‌ಲೋ ಚರ್ಚು ಕಟ್ಟಿದಾಗಿನಿಂದ ಅಷ್ಟು ಗಮನ ಅದರೊಳಗೆ ಬಂದಿರಲಿಲ್ಲ. ಗೋಡೆಗೆ ಅಭ್ಯಾಸವಿಲ್ಲದೆ ಒಂದು ಕಡೆ ಸುಣ್ಣ ಉದುರಿತು.

ಅದನ್ನು ಕಂಡು ಪಾದ್ರಿಗೆ ರೆಕ್ಕೆ ಬಂತು. ಅಂಥ ಮುಖಗಳನ್ನು ಅವರು ಜನ್ಮದಲ್ಲಿ ಕಂಡವರಲ್ಲ. ದೊಡ್ಡ ಪಾದ್ರಿ ತಿರುಗಿ ತಿರುಗಿ ಬೆಂಚುಗಳನ್ನು ನೋಡಿ ತಲೆದೂಗಿದರು. ಕಾರಭಾರಿ ಕೈಬೆರಳ ಮೇಲೆ ಏನೋ ಲೆಕ್ಕ ಹಾಕುತ್ತಿದ್ದ, ಎಷ್ಟು ನಾಯಿ ಹಿಡಿಸುತ್ತವೆ ಅಂತ ಇರಬೇಕು.

ನಾನೇನು ಮಾಡುತ್ತಿದ್ದೆ ಅಂತ ಕೇಳುತ್ತೀಯಾ? ಎಲ್ಲರಿಗಿಂತ ಮೊದಲು ಗೊರಕೆ ಎತ್ತಬೇಕಾದವಳು ನಾನು. ಆದರೆ ಮಗಳೇ, ಅಷ್ಟು ವರ್ಷ ಚರ್ಚಿನೊಳಗೆ ಅವನು ನನ್ನನ್ನು ನೋಡುವಾಗೆಲ್ಲ ನನ್ನ ಕಣ್ಣು ಮುಚ್ಚಿತ್ತು. ಆವತ್ತು ಅವನು ಕೂತಿದ್ದ, ನನ್ನ ಕಣ್ಣು ತೆರೆದಿತ್ತು. ಅವನ ಕತ್ತಿನ ಹಿಂದೆ ಒಂದು ಮಚ್ಚೆ ಇದೆ ಅಂತ ನನಗೆ ಆವತ್ತೇ ಗೊತ್ತಾದದ್ದು. ಕೋಟಿನ ಹೆಗಲ ಹತ್ತಿರ ಗಂಡಸಿನ ಕೈಯ ಹೊಲಿಗೆ, ಸುಕ್ಕುಸುಕ್ಕಾಗಿ. ಆ ಹೊಲಿಗೆಯನ್ನು ನಾನು ಮನಸ್ಸಿನಲ್ಲೇ ಬಿಚ್ಚಿ ಮತ್ತೆ ಹಾಕುತ್ತಾ ಕೂತಿದ್ದೆ. ಎಚ್ಚರವಾದದ್ದು ಪಾದ್ರಿಯ ದನಿ ಇಳಿದಾಗ. ಅಯ್ಯೋ, ಮುಗಿಸುವ ದನಿ ಅದು! ಇನ್ನೊಂದು ಉಸಿರಿಗೆ ‘ಆಮೆನ್’ ಬರುತ್ತದೆ, ಮನೆ ನಾಯಿಗಳ ಪಾಲು. ಗಬಕ್ಕನೆ ಕಣ್ಣು ಮುಚ್ಚಿ, ಎದೆ ತುಂಬ ಗಾಳಿ ಎಳೆದುಕೊಂಡು, ಬಾಯಿ ತೆರೆದೆ.

ಅಷ್ಟರಲ್ಲಿ ಗೊರಕೆ ಕೇಳಿಸಿತು. ನನ್ನದಲ್ಲ.

ಮೊದಲನೇ ಬೆಂಚಿನಿಂದ ಬಂತು. ಗರಗಸ ಒದ್ದೆ ಮರಕ್ಕೆ ಸಿಕ್ಕಿಕೊಂಡ ಹಾಗೆ ಒಂದು, ಆಮೇಲೆ ಸಿಳ್ಳೆ ಹಾಕಿದ ಹಾಗೆ ಒಂದು. ಗಿಡಿಯನ್ ಬ್ಯಾಗ್‌ಶಾ ಬಿಸಿಲಿಗೆ ಮುಖ ಕೊಟ್ಟು, ಗದ್ದ ಎದೆಗಿಟ್ಟು, ಮಲಗಿದ್ದ.

ಪಾದ್ರಿಯ ಬಾಯಿ ‘ಆ’ ಅನ್ನುವಲ್ಲಿಗೇ ನಿಂತಿತು. ಮಲಗಿದವರನ್ನು ಎಬ್ಬಿಸಬೇಕಾದವನೇ ಮಲಗಿದರೆ ಎಬ್ಬಿಸುವುದು ಯಾರು? ಇದನ್ನು ಯಾರೂ ನದಿಯಲ್ಲಿ ಮಾತಾಡಿಕೊಂಡಿರಲಿಲ್ಲ.

“ಪ್ರಸಂಗ ಮುಗೀತಲ್ಲ ಸ್ವಾಮಿ,” ಕಾರಭಾರಿ ಪಿಸುಗುಟ್ಟಿದ, ಆದರೆ ಊರಿಗೆಲ್ಲ ಕೇಳುವ ಹಾಗೆ. “ಪಾಪ, ಮಲಗಲಿ ಬಿಡಿ. ಆಮೆನ್ ಅಂದುಬಿಡಿ.”

ನಾನು ಎದ್ದೆ. ಎದ್ದದ್ದು ಹೇಗೆ ಗೊತ್ತಿಲ್ಲ, ಬೆಂಚು ಹಾರಿ ಬಂದೆನೋ ಜನರ ತಲೆ ತುಳಿದುಕೊಂಡು ಬಂದೆನೋ. ಗೋಡೆಯ ಮೊಳೆಯಿಂದ ಕೋಲು ಕಿತ್ತೆ.

“ತಿರ್ಜಾ!” ಹಿಂದಿನಿಂದ ಜೋಥಮ್ ಕೂಗಿದ, “ಗಂಡಸು ಕಣೇ ಅವನು! ಗುಂಡು, ಗುಂಡು!”

ನನಗೆ ಗುಂಡು ಬೇಕಿರಲಿಲ್ಲ. ಕೋಲು ತಿರುಗಿಸಿ ಬಾಲದ ತುದಿಯನ್ನು ಮುಂದೆ ಮಾಡಿ, ಅವನ ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಗದ್ದಕ್ಕೆ, ಪೇಟೆ ಸುತ್ತಿಸಿದೆ. ನಿಧಾನವಾಗಿ. ಅವನು ಕಣ್ಣು ಬಿಟ್ಟ. ಟೋಪಿಯೊಳಗೆ ನೋಡಲಿಲ್ಲ. ನನ್ನನ್ನೇ ನೋಡಿದ.

ದೊಡ್ಡ ಪಾದ್ರಿ ಕುರ್ಚಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ರೇಷ್ಮೆ ಕಾಲು ನೆಲ ಬಿಟ್ಟು ಮೇಲಕ್ಕೆ ಬಂದಿತ್ತು. ಆಮೇಲೆ ಬಾಗಿಲ ಹತ್ತಿರ, ಹಲಗೆಯ ಕೆಳಗೆ, ದೊಡ್ಡ ಪಂಚಾಯಿತಿಯೇ ಆಯಿತು.

“ಗಿಡಿಯನ್ ಕೋಲು ಮುಟ್ಟಲಿಲ್ಲ,” ಅಂದ ಕಾರಭಾರಿ. “ಮನೆ ಜಮೀನ್ದಾರರದು.”

“ಕೋಲು ಎತ್ತಿದ್ದಂತೂ ನಿಜ,” ಅಂದಳು ಡಾರ್ಕಸ್. “ಕಣ್ಣಿರಲಿಲ್ವಾ ನಿಮಗೆ? ನೀವೂ ಮಲಗಿದ್ರಾ?”

ದೊಡ್ಡ ಪಾದ್ರಿ ಕನ್ನಡಕ ಹಾಕಿಕೊಂಡು ಹಲಗೆಯನ್ನು ಮೇಲಿಂದ ಕೆಳಗೆ ಓದಿದರು. “‘ಯಾರು ಕೋಲೆತ್ತಿ ಎಬ್ಬಿಸುತ್ತಾರೋ’ ಅಂತಿದೆ. ಗಂಡಸು ಅಂತಿಲ್ಲ. ಗಿಡಿಯನ್ ಅಂತಲೂ ಇಲ್ಲ. ಎತ್ತಿದ್ದು ಯಾರಮ್ಮಾ?”

“ನಾನು ಸ್ವಾಮಿ. ಆದ್ರೆ ನನಗೆ...”

“ಹಾಗಾದ್ರೆ ಮನೆ ನಿಂದು.” ಆಮೇಲೆ ಅವರು ಪಾದ್ರಿ ಕ್ರಿಚ್ಲೋ ಕಡೆ ತಿರುಗಿದರು. “ನಿಮ್ಮ ಜನರಂಥ ಜನ ನಾನು ಎಲ್ಲೂ ನೋಡಿಲ್ಲ ಕ್ರಿಚ್ಲೋ. ಈ ಊರಿಗೆ ಎಬ್ಬಿಸೋನು ಬೇಕಾಗಿಲ್ಲ. ಎಬ್ಬಿಸೋನನ್ನ ಎಬ್ಬಿಸೋರು ಒಬ್ಬರು ಬೇಕು, ಅಷ್ಟೇ. ಕೋಲು ಈಯಮ್ಮನ ಹತ್ರ ಇರಲಿ.”

ಕಾರಭಾರಿ ಕುದುರೆ ಹತ್ತಿ ಹೋದ. ಅವನ ಮುಖ ನೋಡಿ ಊರಿನ ಹಾಲೆಲ್ಲ ಆವತ್ತು ಮೊಸರಾಯಿತು.

ಗೇಟಿನ ಹತ್ತಿರ ಗಿಡಿಯನ್ ನಿಂತಿದ್ದ. ಅವನ ಮನೆ, ಅವನ ಬಾಗಿಲು, ಈಗ ನನ್ನದು. ನನ್ನ ಕೈಯಲ್ಲಿ ಕೋಲು.

“ಮನೆ ನಂದಾಯ್ತಂತೆ,” ಅಂದೆ. “ಯಾರನ್ನೂ ಬಾಡಿಗೆಗೆ ಇಟ್ಕೊಳ್ಳಲ್ಲ, ಮೊದಲೇ ಹೇಳ್ತೀನಿ.”

“ಹೂಂ,” ಅಂದ. ಟೋಪಿ ತಿರುಗಿಸಿದ. ಆಮೇಲೆ ಅವನ ಜನ್ಮದಲ್ಲೇ ಅತಿ ಉದ್ದದ ಮಾತು ಬಂತು: “ಹಿತ್ತಲಲ್ಲಿ ಆಲೂಗಡ್ಡೆ ಅಗೀಬೇಕು. ನೀನು ಅಗೀತೀಯಾ, ನಾನು ಅಗೀಲಾ?”

ಅದನ್ನು ನಾನು ಪ್ರೇಮದ ಮಾತು ಅಂತಲೇ ತೆಗೆದುಕೊಂಡೆ. ಬೇರೆ ಯಾವಳಾದರೂ ಇನ್ನಷ್ಟು ಕಾಯುತ್ತಿದ್ದಳೋ ಏನೋ, ನನಗೆ ಕಾದು ಸಾಕಾಗಿತ್ತು.

ಪಾದ್ರಿ ಕ್ರಿಚ್ಲೋ ಚರ್ಚಿನಲ್ಲಿ ನಮ್ಮ ಮದುವೆಯ ಕೂಗು ಕೂಗಿದರು, ಯಾರದಾದರೂ ತಕರಾರು ಇದೆಯೇ ಅಂತ, ಪದ್ಧತಿಯ ಹಾಗೆ ಮೂರು ಭಾನುವಾರ. ಮೊದಲನೇ ವಾರ, ಎರಡನೇ ವಾರ ಸರಿಯಾಗೇ ಹೋಯಿತು. ಕೊನೆಯ ವಾರ ಅವರು, “ತಿರ್ಜಾ ಮತ್ತು ಗಿಡಿಯನ್, ಇದು ಮೂರನೆಯ ಸಲ,” ಅಂದರು ನೋಡು, ಇಡೀ ಊರು ಧೊಪ್ಪನೆ ತಲೆ ಕೆಳಗೆ ಹಾಕಿ ಒಟ್ಟಿಗೆ ಗೊರಕೆ ಹೊಡೆಯಿತು. ಅಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡ ಗೊರಕೆ, ಹೊರಗೆ ಬರದೆ ಬಿಟ್ಟೀತೇ? ಪಾದ್ರಿಗೆ ಏನೂ ಅರ್ಥವಾಗಲಿಲ್ಲ. ಮುಂದೆ ಅವರ ಪುಸ್ತಕ ಅಚ್ಚಾಯಿತು, ದೊಡ್ಡ ಊರಿಗೆ ಕರೆ ಬಂತು. ಪುಸ್ತಕದ ಮೊದಲ ಹಾಳೆಯಲ್ಲೇ ನಮ್ಮೂರಿನ ಹೆಸರಿದೆಯಂತೆ. ಇಂಗ್ಲೆಂಡಿನಲ್ಲಿ ಎಲ್ಲರಿಗಿಂತ ಗಮನವಿಟ್ಟು ಕೇಳುವ ಜನ ನಾವಂತೆ. ಡಾರ್ಕಸ್ ಓದಿ ಹೇಳುವಾಗ ಜೋಥಮ್ ನಿದ್ದೆ ಹೋಗಿದ್ದ.

ನನ್ನ ಗಿಡಿಯನ್ ಹೋಗಿ ಎಷ್ಟೋ ಚಳಿಗಾಲವಾಯಿತು. ಮನೆ ಇದೇ, ನೀನು ಕೂತಿದ್ದೀಯಲ್ಲ. ಕೋಲು ಅಗೋ ಮೂಲೆಯಲ್ಲಿ. ಬಾಲಕ್ಕೆ ನುಸಿ ಹಿಡಿದಿದೆ, ಮುಟ್ಟಬೇಡ. ಒಂದು ಮಾತು ಮಾತ್ರ ಅವನು ಸಾಯುವ ತನಕ ಹೇಳಲಿಲ್ಲ. ಎಷ್ಟು ಕೇಳಿದೆ! ಬೈದು ಕೇಳಿದೆ, ಮುದ್ದು ಮಾಡಿ ಕೇಳಿದೆ, ಕಡುಬಿನಲ್ಲಿ ಒಣದ್ರಾಕ್ಷಿ ಹೆಚ್ಚು ಹಾಕಿ ಕೇಳಿದೆ.

“ಆವತ್ತು ನಿಜವಾಗ್ಲೂ ನಿದ್ದೆ ಬಂದಿತ್ತೇನ್ರೀ?”

“ಹೂಂ.”

“ಸುಳ್ಳು ನಿದ್ದೆಯಾ?”

“ಹೂಂ.”

ಎಲ್ಲಕ್ಕೂ ಅದೇ ‘ಹೂಂ’. ಜನ್ಮದಲ್ಲಿ ಒಂದು ಸುಳ್ಳು ಹೇಳದ ಮನುಷ್ಯ. ನದಿಯ ಮಾತು ಅವನಿಗೆ ಯಾರೂ ಹೇಳಿರಲಿಲ್ಲ. ವಾರವಾರವೂ ಅವನು ನೂರು ಮುಖ ನೋಡಿದವನು, ಯಾರದು ನಿದ್ದೆ ಯಾರದು ನಾಟಕ ಅಂತ ಅವನಷ್ಟು ಬಲ್ಲವರಿರಲಿಲ್ಲ; ಹಾಗಿದ್ದೂ ಅಷ್ಟು ವರ್ಷ ನನ್ನ ಮುಖದ ಮೇಲೆ ಬಾಲ ಆಡಿಸಿದ್ದ. ಈ ದೇಶಕ್ಕೇ ಹೆಸರಾದ ಸುಳ್ಳು ನಿದ್ದೆಯವಳು ನಾನು, ನಾನು ಕಂಡದ್ದು ನಾನು ಹೇಳುತ್ತೇನೆ. ಆವತ್ತು ನಾನು ಕೋಲು ಎತ್ತಿ, ತಿರುಗಿಸಿ, ಬಾಲವನ್ನು ಅವನ ಹಣೆಯ ಹತ್ತಿರ ತಂದೆ. ಬಾಲ ಇನ್ನೂ ಮುಟ್ಟಿರಲಿಲ್ಲ, ಒಂದು ಗೇಣು ದೂರವಿತ್ತು. ಅಷ್ಟರಲ್ಲೇ ಗೊರಕೆ ನಿಂತಿತ್ತು.

ಈಗ ನೀನೇ ಹೇಳು ಮಗಳೇ. ಅವನು ಮಲಗಿದ್ದನೋ, ಕಾಯುತ್ತಿದ್ದನೋ?